ಹಳ್ಳಿಯನ್ನು ನೆನಪಿನಿಂದ ಬರೆದ ಶ್ರೀನಿವಾಸ್

ಮಾಗಡಿ ರಸ್ತೆ ಮತ್ತು ಪೀಣ್ಯ ಕೈಗಾರಿಕಾ ಪ್ರದೇಶದ ನಡುವೆ ಇರುವ ಹೆಗ್ಗನಹಳ್ಳಿಯಲ್ಲಿ ಇಂದು ಹಳ್ಳಿ ಎಂಬುದು ಉಳಿದಿರುವುದು ಹೆಸರಿನಲ್ಲಿ ಮಾತ್ರ. ಮೂರು ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳು, ಕೆಳಮಹಡಿಯಲ್ಲಿ ಲೇತ್ ಯಂತ್ರಗಳ ಸದ್ದು, ಬೆಳಿಗ್ಗೆ ಗಾರ್ಮೆಂಟ್ಸ್‌ಗೆ ಹೊರಡುವ ಹೆಣ್ಣುಮಕ್ಕಳ ಸಾಲು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದ ನಂತರ ಇದು ನಗರದ ಒಂದು ವಾರ್ಡ್ ಆಗಿ ಲೆಕ್ಕಕ್ಕೆ ಬಂತು. ಲೆಕ್ಕ ಹಾಕುವವರಿಗೆ ಇಲ್ಲಿ ಬರವಿಲ್ಲ. ಜನಗಣತಿ, ಮತದಾರರ ಪಟ್ಟಿ, ಪಡಿತರ ಚೀಟಿಯ ಪರಿಶೀಲನೆ ಹೀಗೆ ಒಂದಲ್ಲ ಒಂದು ನಮೂನೆ ಹಿಡಿದು ಬಾಗಿಲು ತಟ್ಟುವವರು ಇದ್ದೇ ಇರುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗ ಆರಂಭಿಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಂತೂ ಗಣತಿದಾರರು 60 ಪ್ರಶ್ನೆಗಳನ್ನು ಹೊತ್ತು ರಾಜ್ಯದ ಮನೆಮನೆಗೆ ನಡೆದರು.

ಪ್ರಶ್ನೆಗೆ ಉತ್ತರ ಬರೆದುಕೊಂಡ ಮಾತ್ರಕ್ಕೆ ಒಂದು ಊರು ಅರ್ಥವಾಗುತ್ತದೆಯೇ? ಈ ಸಂದೇಹವನ್ನು ನಮ್ಮ ದೇಶದ ಸಮಾಜವಿಜ್ಞಾನದ ಮುಂದೆ ಇಟ್ಟು, ಅದಕ್ಕೆ ಉತ್ತರವಾಗಿ ಎತ್ತಿನ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಹತ್ತು ತಿಂಗಳಿಗೂ ಹೆಚ್ಚು ಕಾಲ ವಾಸ ಮಾಡಿದವರು ಮೈಸೂರಿನ ಪ್ರೊ. ಎಂ.ಎನ್. ಶ್ರೀನಿವಾಸ್. ಹೆಗ್ಗನಹಳ್ಳಿಯಿಂದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದ ನಾಗರಭಾವಿಯಲ್ಲಿರುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ಐಸೆಕ್ ಅನ್ನು ಕಟ್ಟುವಲ್ಲಿ ಡಾ. ವಿ.ಕೆ.ಆರ್.ವಿ. ರಾವ್ ಅವರ ಜೊತೆ ನಿಂತವರೂ ಇವರೇ. 'ಓಟ್ ಬ್ಯಾಂಕ್' ಎಂಬ ಮಾತನ್ನು ದಿನಕ್ಕೆ ಹತ್ತು ಬಾರಿ ಬಳಸುವ ನಮ್ಮ ರಾಜಕಾರಣಿಗಳಲ್ಲಿ (ಪತ್ರಕರ್ತರನ್ನೂ ಸೇರಿಸಿ) ಎಷ್ಟು ಮಂದಿಗೆ ಆ ಮಾತು ಈ ಕನ್ನಡ ನಾಡಿನ ವಿದ್ವಾಂಸರ ಬರಹದಿಂದ ಬಂದುದೆಂದು ಗೊತ್ತಿದೆಯೋ ಹೇಳಲಾಗದು.

ಬಂಡಿಕೇರಿಯ ಹುಡುಗ

ಮೈಸೂರು ನರಸಿಂಹಾಚಾರ್ ಶ್ರೀನಿವಾಸ್ ಹುಟ್ಟಿದ್ದು 1916ರ ನವೆಂಬರ್ 16ರಂದು, ಮೈಸೂರಿನಲ್ಲಿ. ಅಯ್ಯಂಗಾರ್ ಕುಟುಂಬ. ತಂದೆಯ ಊರು ಶ್ರೀರಂಗಪಟ್ಟಣದ ಬಳಿಯ ಅರಕೆರೆ. ಮಕ್ಕಳ ವಿದ್ಯಾಭ್ಯಾಸಕ್ಕೆಂದು ಹಳ್ಳಿ ಬಿಟ್ಟು ಪಟ್ಟಣ ಸೇರಿದ, ಆದರೆ ಹಳ್ಳಿಯ ಜಮೀನಿನ ನಂಟನ್ನು ಪೂರ್ತಿ ಕಡಿದುಕೊಳ್ಳದ ಆ ಕಾಲದ ಅನೇಕ ಬ್ರಾಹ್ಮಣ ಮನೆತನಗಳಲ್ಲಿ ಅವರದೂ ಒಂದು.

ಅವರ ಮನೆ ಇದ್ದ ಕಾಲೇಜು ರಸ್ತೆ ಓದು ಬಲ್ಲವರ ಬೀದಿ. ಅದರ ಬೆನ್ನಿಗೇ ಇದ್ದದ್ದು ಬಂಡಿಕೇರಿ. ಅಲ್ಲಿ ವಾಸವಾಗಿದ್ದವರು ಕುರುಬ ಸಮುದಾಯದವರು. ಎರಡು ಬೀದಿಗಳ ನಡುವಿನ ಅಂತರ ಕೆಲವೇ ಹೆಜ್ಜೆ. ಆದರೆ ಊಟ, ಉಡುಗೆ, ಆಡುವ ಕನ್ನಡ, ಜಗಳದ ಬಗೆ, ಹಬ್ಬದ ಗದ್ದಲ ಎಲ್ಲವೂ ಬೇರೆ. ತಮ್ಮದಲ್ಲದ ಬದುಕೊಂದನ್ನು ತಾವು ಮೊದಲು ಕಂಡದ್ದು ಹಿತ್ತಲಿನಾಚೆಯ ಈ ಕೇರಿಯಲ್ಲಿ ಎಂಬುದನ್ನು ಶ್ರೀನಿವಾಸ್ ಇಳಿವಯಸ್ಸಿನಲ್ಲಿಯೂ ನೆನೆಯುತ್ತಿದ್ದರು. ಸಾಗರದಾಚೆಯ ದ್ವೀಪಗಳಿಗೆ ಹೋಗಿ ಅನ್ಯ ಜನರನ್ನು ಅಧ್ಯಯನ ಮಾಡುವುದೇ ಮಾನವಶಾಸ್ತ್ರವೆಂದು ಯುರೋಪಿನವರು ತಿಳಿದಿದ್ದ ಕಾಲದಲ್ಲಿ, ತನ್ನ ಸಮಾಜವನ್ನೇ ತಾನು ಅಧ್ಯಯನ ಮಾಡಬಲ್ಲೆನೆಂಬ ಧೈರ್ಯ ಅವರಿಗೆ ಬಂದದ್ದು ಬಹುಶಃ ಇಲ್ಲಿಂದಲೇ ಇರಬೇಕು.

ಮಹಾರಾಜ ಕಾಲೇಜಿನಲ್ಲಿ ಪ್ರೊ. ಎ.ಆರ್. ವಾಡಿಯಾ ಅವರ ವಿಭಾಗದಲ್ಲಿ ಸಾಮಾಜಿಕ ತತ್ತ್ವಶಾಸ್ತ್ರ ಓದಿ 1936ರಲ್ಲಿ ಆನರ್ಸ್ ಪದವಿ ಪಡೆದರು. ಮುಂದೆ ಮುಂಬಯಿಗೆ ತೆರಳಿ ಜಿ.ಎಸ್. ಘುರ್ಯೆ ಅವರ ಶಿಷ್ಯರಾದರು. ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬ ಪದ್ಧತಿಯ ಕುರಿತು ಅಲ್ಲಿ ಬರೆದ ಪ್ರಬಂಧ 1942ರಲ್ಲಿ ಪುಸ್ತಕವಾಯಿತು. ಆ ಬಳಿಕ ಪಿಎಚ್‌.ಡಿ.ಗಾಗಿ ಆರಿಸಿಕೊಂಡ ವಿಷಯ ಕೊಡವರು. ಆರೋಗ್ಯ ಅಷ್ಟಕ್ಕಷ್ಟೇ ಆಗಿದ್ದ ಯುವಕನಿಗೆ ಕೊಡಗಿನ ಓಡಾಟ ಸುಲಭವಾಗಲಿಲ್ಲ. ಆದರೂ ದೊಡ್ಡ ಗಾತ್ರದ ಪ್ರಬಂಧವೊಂದು ಸಿದ್ಧವಾಯಿತು. ವಿವರಗಳ ರಾಶಿ ಅದು. ಆ ರಾಶಿಗೆ ಒಂದು ಆಕಾರ ದೊರೆತದ್ದು 1945ರಲ್ಲಿ ಆಕ್ಸ್‌ಫರ್ಡ್‌ಗೆ ಹೋದ ಮೇಲೆ. ಅಲ್ಲಿ ರಾಡ್‌ಕ್ಲಿಫ್-ಬ್ರೌನ್ ಮತ್ತು ಅವರ ನಂತರ ಇವಾನ್ಸ್-ಪ್ರಿಚರ್ಡ್ ಅವರ ಮಾರ್ಗದರ್ಶನ ಸಿಕ್ಕಿತು. ಕೊಡವರ ಧರ್ಮ ಮತ್ತು ಸಮಾಜ ಕುರಿತ ಆ ಗ್ರಂಥ 1952ರಲ್ಲಿ ಆಕ್ಸ್‌ಫರ್ಡ್‌ನಿಂದ ಪ್ರಕಟವಾಯಿತು. ಕೆಳಗಿನ ಜಾತಿಯೊಂದು ಮಾಂಸ ಮದ್ಯ ಬಿಟ್ಟು, ಮೇಲಿನವರ ಆಚರಣೆಗಳನ್ನು ತನ್ನದಾಗಿಸಿಕೊಂಡು ಒಂದೆರಡು ತಲೆಮಾರಿನಲ್ಲಿ ಮೇಲ್ಸ್ಥಾನ ಕೇಳುವ ಪ್ರಕ್ರಿಯೆಗೆ 'ಸಂಸ್ಕೃತೀಕರಣ' ಎಂಬ ಹೆಸರು ಬಂದದ್ದು ಈ ಗ್ರಂಥದಿಂದ. ಜಾತಿ ಎಂದರೆ ಎಂದೆಂದಿಗೂ ಕದಲದ ನಾಲ್ಕು ಮೆಟ್ಟಿಲು ಎಂದು ಗ್ರಂಥ ನೋಡಿ ಹೇಳುತ್ತಿದ್ದವರಿಗೆ, ನೆಲದ ಮೇಲೆ ನಿಂತು ನೋಡಿದರೆ ಮೆಟ್ಟಿಲುಗಳೇ ಅಲುಗಾಡುತ್ತಿವೆ ಎಂದು ತೋರಿಸಿದ ಕೃತಿ ಇದು.

ಎತ್ತಿನ ಮನೆಯ ಬಿಡಾರ

ಆಕ್ಸ್‌ಫರ್ಡ್‌ನಲ್ಲಿ ಭಾರತೀಯ ಸಮಾಜಶಾಸ್ತ್ರದ ಅಧ್ಯಾಪಕ ಹುದ್ದೆ ದೊರೆತಾಗ ಇವಾನ್ಸ್-ಪ್ರಿಚರ್ಡ್ ಒಂದು ಔದಾರ್ಯ ತೋರಿದರು. ಪಾಠ ಆರಂಭಿಸುವ ಮೊದಲು ಒಂದು ವರ್ಷ ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಮಾಡಿಬರಲು ಅವಕಾಶ ಮಾಡಿಕೊಟ್ಟರು. 1948ರ ಆರಂಭದಲ್ಲಿ ಶ್ರೀನಿವಾಸ್ ಬಂದಿಳಿದ ಹಳ್ಳಿಯೇ ಬರಹಗಳಲ್ಲಿ 'ರಾಂಪುರ' ಎಂದು ಹೆಸರಾದ ಊರು. ಬನ್ನೂರು ಸೀಮೆಯ ಕೊಡಗಹಳ್ಳಿ ಅದರ ನಿಜನಾಮ. ಜನರ ಗುಟ್ಟುಗಳನ್ನು ಕಾಪಾಡಲು ಊರಿನ ಹೆಸರನ್ನೇ ಬದಲಿಸುವುದು ಈ ಬಗೆಯ ಅಧ್ಯಯನದ ರೂಢಿ.

ಹಳ್ಳಿಯನ್ನು ಆರಿಸಿದ ಬಗೆಯೂ ಗಮನಾರ್ಹ. ಹಲವು ಜಾತಿಗಳಿರಬೇಕು, ನಗರದ ಗಾಳಿ ಅತಿಯಾಗಿ ಸೋಕಿರಬಾರದು ಎಂಬ ಶಾಸ್ತ್ರೀಯ ಅಳತೆಗೋಲುಗಳೇನೋ ಅವರ ಬಳಿ ಇದ್ದವು. ಆದರೆ ಪೂರ್ವಿಕರ ಊರಿನ ಸೀಮೆಯಲ್ಲೇ ಇರಬೇಕೆಂಬ ಹಂಬಲವೂ ಊರಿನ ಚೆಲುವೂ ತಮ್ಮನ್ನು ಸೆಳೆದವು ಎಂಬುದನ್ನು ಅವರು ಮುಚ್ಚಿಡಲಿಲ್ಲ. ತನ್ನ ಮನೆತನ ಬಿಟ್ಟುಬಂದ ಬದುಕು ಎಂಥದಿತ್ತು ಎಂಬ ಸ್ವಂತ ಕುತೂಹಲವೂ ಅಲ್ಲಿತ್ತು. ಸಂಶೋಧಕನಿಗೆ ಮನಸ್ಸೇ ಇಲ್ಲವೆಂಬಂತೆ ಬರೆಯುವ ಪ್ರಬಂಧಗಳ ನಡುವೆ ಈ ಪ್ರಾಮಾಣಿಕತೆ ಇಂದಿಗೂ ಅಪರೂಪ.

ಸುಮಾರು ಒಂದೂವರೆ ಸಾವಿರ ಜನ, ಹತ್ತೊಂಬತ್ತು ಹಿಂದೂ ಜಾತಿಗಳು, ಜೊತೆಗೆ ಮುಸ್ಲಿಮರು. ಸಂಖ್ಯೆಯಲ್ಲೂ ಭೂಮಿಯಲ್ಲೂ ಒಕ್ಕಲಿಗರದೇ ಮೇಲುಗೈ. ಊರಿನ ಪಟೇಲರ ಎತ್ತಿನ ಮನೆಯಲ್ಲಿ ಶ್ರೀನಿವಾಸ್ ಅವರಿಗೆ ಬಿಡಾರ ಸಿಕ್ಕಿತು. ಅಡುಗೆಗೆ ನಾಚ್ಚ ಎಂಬಾತ ಜೊತೆಗಿದ್ದ. ಪಟೇಲರ ನಂತರ ಹೆಚ್ಚು ಆಸರೆಯಾದವರು ನಾಡುಗೌಡ ಮತ್ತು ಕುಳ್ಳೇಗೌಡ ಎಂದು ಅವರ ಪುಸ್ತಕದಲ್ಲಿ ಬರುವ ಇಬ್ಬರು. ಕುಳ್ಳೇಗೌಡನಂತೂ ಮಾಹಿತಿದಾರ, ಸಹಾಯಕ, ವಕೀಲ, ತಲೆನೋವು ಎಲ್ಲವೂ ಆಗಿದ್ದ ವಿಚಿತ್ರ ವ್ಯಕ್ತಿ. ಪುಸ್ತಕ ಓದಿದವರು ಶ್ರೀನಿವಾಸರ ಸಿದ್ಧಾಂತವನ್ನು ಮರೆತರೂ ಕುಳ್ಳೇಗೌಡನನ್ನು ಮರೆಯಲಾರರು.

ಕೈಯಲ್ಲಿ ನೋಟ್‌ಬುಕ್ ಇತ್ತು. ಮನೆಮನೆಯ ಲೆಕ್ಕವನ್ನೂ ಅವರು ತೆಗೆದರು. ಅಂಕಿ ಅಂಶದ ಬಗ್ಗೆ ತಾತ್ಸಾರವಿದ್ದವರಲ್ಲ. ಆದರೆ ನಿಜವಾದ ಕೆಲಸ ನಡೆದದ್ದು ಜಗಲಿಯ ಮೇಲೆ. ಪಟೇಲರ ಮುಂದೆ ನ್ಯಾಯಕ್ಕೆಂದು ಬರುವವರು, ಸಾಲ ಕೇಳುವವರು, ಜೀತದಾಳುಗಳ ವಿಚಾರ ಹಿಡಿದು ಬರುವವರು, ಸುಮ್ಮನೆ ಬೀಡಿ ಸೇದಲು ಕೂರುವವರು ಎಲ್ಲರೂ ಹಾಯುವ ಜಾಗ ಅದು. ಅಲ್ಲಿ ಕೂತು ಕೇಳಿಸಿಕೊಳ್ಳುವುದೇ ಅಧ್ಯಯನ. ಕುಟುಂಬವೊಂದು ಪಾಲಾಗುವಾಗ ಎದ್ದ ವ್ಯಾಜ್ಯ, ಅಗಸರ ನಡುವಿನ ಜಾತಿ ಜಗಳ, ಕುಂಬಾರ ಮತ್ತು ಪೂಜಾರಿಯ ಪ್ರಕರಣ ಇವೆಲ್ಲ ಮುಂದೆ ಒಂದೊಂದು ಪ್ರತ್ಯೇಕ ಪ್ರಬಂಧಗಳಾದವು. ಜಗಳ ನಡೆಯುವಾಗ ಜನ ತಮ್ಮ ಹಕ್ಕು, ಮರ್ಯಾದೆ, ಸಂಬಂಧಗಳನ್ನು ಬಾಯಿಬಿಟ್ಟು ಹೇಳುತ್ತಾರೆ. ಶಾಂತವಾಗಿರುವ ದಿನ ಕೇಳಿದರೆ ಅವೇ ಪ್ರಶ್ನೆಗಳಿಗೆ ಹೊಂದಿಕೊಂಡು ಹೋಗುತ್ತೇವೆ ಎಂಬ ಒಂದೇ ಉತ್ತರ ದೊರೆಯುತ್ತದೆ. ಒಂದು ವ್ಯಾಜ್ಯವನ್ನು ಆರಂಭದಿಂದ ಕಡೆಯವರೆಗೆ ಹಿಂಬಾಲಿಸುವ ಈ ವಿಧಾನವನ್ನು ಇಂದಿನ ಗುಣಾತ್ಮಕ ಸಂಶೋಧನೆಯ ಪಠ್ಯಗಳು ಪ್ರಕರಣ ಅಧ್ಯಯನ ಎನ್ನುತ್ತವೆ.

ಇದು ಒಮ್ಮುಖದ ಕೆಲಸವಾಗಿರಲಿಲ್ಲ. ಶ್ರೀನಿವಾಸ್ ಹಳ್ಳಿಯನ್ನು ನೋಡುತ್ತಿದ್ದಂತೆ ಹಳ್ಳಿಯೂ ಅವರನ್ನು ನೋಡುತ್ತಿತ್ತು. ಸಂಬಳ ಎಷ್ಟು, ಇನ್ನೂ ಏಕೆ ಮದುವೆಯಾಗಿಲ್ಲ, ಬ್ರಾಹ್ಮಣನಾದರೂ ಆಚಾರವೇಕಿಲ್ಲ ಎಂಬ ವಿಚಾರಣೆ ಅವರಿಗೂ ತಪ್ಪಲಿಲ್ಲ. ಸ್ನಾನವಾದ ಮೇಲೆ ಕ್ಷೌರ ಮಾಡಿಕೊಂಡದ್ದಕ್ಕೆ ಪಟೇಲರಿಂದ ಆಕ್ಷೇಪಣೆ ಕೇಳಬೇಕಾಯಿತು. ಶುದ್ಧಿ ಮೈಲಿಗೆಯ ಕುರಿತು ನೂರು ಗ್ರಂಥ ಓದಿದ್ದವರಿಗೆ, ಅದು ಒಕ್ಕಲಿಗ ಪಟೇಲರ ಮನಸ್ಸಿನಲ್ಲಿ ಎಷ್ಟು ಜೀವಂತವಾಗಿದೆ, ಬ್ರಾಹ್ಮಣ ಹೇಗಿರಬೇಕೆಂದು ತೀರ್ಮಾನಿಸುವವರು ಯಾರು ಎಂಬುದು ತಿಳಿದದ್ದು ಈ ಚಿಕ್ಕ ಮುಜುಗರದಿಂದ. ಮಳೆ ಕೈಕೊಟ್ಟಾಗ ಊರಿನ ಹಿರಿಯರು ಬಸವನ ಗುಡಿಯಲ್ಲಿ ಕೂತು ಹೂವು ಕೇಳಿದ್ದು, ದೇವರು ಹೂ ಕೊಡಲು ತಡಮಾಡಿದಾಗ ಅವನನ್ನು ಬೇಡಿ, ಚುಡಾಯಿಸಿ, ಸಿಟ್ಟಿನಿಂದ ಗದರಿದ್ದು ಅವರ ಬರಹದ ಮರೆಯಲಾಗದ ಭಾಗಗಳಲ್ಲೊಂದು. ದೇವರಲ್ಲಿ ನಂಬಿಕೆ ಇದೆಯೇ, ಹೌದು ಅಥವಾ ಇಲ್ಲ ಎಂಬ ಎರಡು ಚೌಕಗಳಲ್ಲಿ ಆ ಸಂಬಂಧವನ್ನು ತುಂಬುವುದಾದರೂ ಹೇಗೆ?

ಪಟೇಲರ ಮನೆ ಜಗಲಿಗೆ ಒಂದು ಬೆಲೆಯೂ ಇತ್ತು. ಊರ ಹಿರಿಯರ ಆಶ್ರಯದಲ್ಲಿದ್ದವನಿಗೆ ಹೊಲಗೇರಿಯ ಬಾಗಿಲು ತೆರೆಯಲಿಲ್ಲ. ಹೆಂಗಸರ ಲೋಕವೂ ಗಂಡಸರ ಬಾಯಿಯ ಮೂಲಕವೇ ಬಂತು. ಮುಸ್ಲಿಮರ ಜೊತೆಗಿನ ಒಡನಾಟವೂ ಬಯಸಿದಷ್ಟು ಬೆಳೆಯಲಿಲ್ಲ. ತಮ್ಮ ಚಿತ್ರ ಮೇಲುಜಾತಿಯ, ಭೂಮಿ ಉಳ್ಳವರ ಕಡೆಗೆ ವಾಲಿದೆ ಎಂದು ಶ್ರೀನಿವಾಸ್ ತಾವೇ ಬರೆದುಕೊಂಡರು. ಒಪ್ಪಿಕೊಂಡ ಮಾತ್ರಕ್ಕೆ ಕೊರತೆ ತುಂಬುವುದಿಲ್ಲ ಎಂಬುದೂ ನಿಜ. ಜಗಲಿಯಿಂದ ಕಾಣದ ಹಳ್ಳಿಯನ್ನು ಕನ್ನಡದ ಓದುಗ ಕಾಣಬೇಕಾದರೆ ದೇವನೂರ ಮಹಾದೇವ, ಅರವಿಂದ ಮಾಲಗತ್ತಿ, ಸಿದ್ಧಲಿಂಗಯ್ಯ ಅವರ ಬರಹಗಳವರೆಗೆ ಕಾಯಬೇಕಾಯಿತು. ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ ಹುಟ್ಟಿ, ಇದೇ ಪಶ್ಚಿಮ ಬೆಂಗಳೂರಿನ ಶ್ರೀರಾಮಪುರದ ಕೊಳೆಗೇರಿಯಲ್ಲಿ ಬೆಳೆದ ಸಿದ್ಧಲಿಂಗಯ್ಯ ಅವರ ಆತ್ಮಕಥನ 'ಊರುಕೇರಿ'ಯನ್ನು ರಾಂಪುರದ ಪುಸ್ತಕದ ಪಕ್ಕದಲ್ಲಿಟ್ಟು ಓದುವುದು ಒಳ್ಳೆಯ ಅಭ್ಯಾಸ.

ಎಣಿಕೆಯ ಕಾಲದಲ್ಲಿ ಒಂಟಿ ದನಿ

1951ರಲ್ಲಿ ಆಕ್ಸ್‌ಫರ್ಡ್ ಬಿಟ್ಟು ಶ್ರೀನಿವಾಸ್ ಭಾರತಕ್ಕೆ ಮರಳಿದರು. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ದೇಶ ಆಗ ಯೋಜನೆಗಳ ಹುರುಪಿನಲ್ಲಿತ್ತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾಯಿತು. ಅದೇ ವರ್ಷ ಅದರ ಫಲಾಫಲ ಅಳೆಯಲು ಯೋಜನಾ ಆಯೋಗದ ಅಡಿಯಲ್ಲಿ ಕಾರ್ಯಕ್ರಮ ಮೌಲ್ಯಮಾಪನ ಸಂಘಟನೆಯೂ ಹುಟ್ಟಿತು. ಎಷ್ಟು ಬಾವಿ, ಎಷ್ಟು ಗೊಬ್ಬರ, ಎಷ್ಟು ಕಿಲೋಮೀಟರ್ ರಸ್ತೆ ಎಂಬ ಲೆಕ್ಕ ಬೇಕೇ ಬೇಕಿತ್ತು. ಆದರೆ ಬಾವಿಯ ನೀರನ್ನು ಯಾರು ಸೇದುತ್ತಾರೆ, ಯಾರು ದೂರ ನಿಲ್ಲುತ್ತಾರೆ ಎಂಬುದನ್ನು ಹೇಳಲು ಆ ಊರಿನಲ್ಲಿ ಯಾರಾದರೂ ಇರಬೇಕಲ್ಲವೇ? ಎಸ್.ಸಿ. ದುಬೆ ಅವರು 1958ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಕೆಲಸ ಮಾಡಿತು. ಸರ್ಕಾರದ ನೆರವು ಹರಿದದ್ದು ಬಹುಪಾಲು ಈಗಾಗಲೇ ಅನುಕೂಲಸ್ಥರಾಗಿದ್ದ ರೈತರ ಕಡೆಗೆ ಎಂಬುದನ್ನು ಅವರು ಹಳ್ಳಿಯೊಳಗಿನಿಂದ ತೋರಿಸಿದರು.

ಶ್ರೀನಿವಾಸ್ ಅವರ ನಿಲುವು ಸ್ಪಷ್ಟ. ಪ್ರಶ್ನಾವಳಿ ಕೆಟ್ಟದ್ದಲ್ಲ, ಆದರೆ ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ಪ್ರಶ್ನಾವಳಿ ತಾನೇ ಹೇಳಲಾರದು. ಅದಕ್ಕೆ ಮೊದಲು ಅಲ್ಲಿ ಬದುಕಿ ನೋಡಬೇಕು. ಗ್ರಂಥದಲ್ಲಿ ಕಾಣುವ ಸಮಾಜ ಒಂದು, ಕ್ಷೇತ್ರದಲ್ಲಿ ಕಾಣುವುದು ಇನ್ನೊಂದು ಎಂಬ ವ್ಯತ್ಯಾಸವನ್ನು ಅವರು ಜೀವನಪರ್ಯಂತ ಪಾಠ ಹೇಳಿದರು. 1975ರಲ್ಲಿ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಹಳ್ಳಿಯ ಅಧ್ಯಯನ ಮತ್ತು ಭಾಗವಹಿಸಿ ಗಮನಿಸುವ ವಿಧಾನದ ಪರವಾಗಿ ದೀರ್ಘ ಲೇಖನ ಬರೆದರು. 1979ರಲ್ಲಿ ಎ.ಎಂ. ಶಾ ಮತ್ತು ಇ.ಎ. ರಾಮಸ್ವಾಮಿ ಅವರೊಡನೆ ಸೇರಿ ಸಂಪಾದಿಸಿದ 'ದಿ ಫೀಲ್ಡ್‌ವರ್ಕರ್ ಅಂಡ್ ದಿ ಫೀಲ್ಡ್' ಎಂಬ ಸಂಕಲನದಲ್ಲಿ ಸಂಶೋಧಕರು ತಾವು ಕ್ಷೇತ್ರದಲ್ಲಿ ಪಟ್ಟ ಪಾಡನ್ನು ತಾವೇ ಹೇಳಿಕೊಂಡರು. ಎಡವಿದ್ದು, ಅನುಮಾನಕ್ಕೆ ಒಳಗಾದದ್ದು, ಒಂದು ಗುಂಪಿನವನೆಂದು ಗುರುತಾಗಿ ಇನ್ನೊಂದು ಗುಂಪಿನಿಂದ ದೂರವಾದದ್ದು ಇವೂ ಮಾಹಿತಿಯೇ ಎಂಬುದು ಆ ಪುಸ್ತಕದ ತಿರುಳು.

ಮೈಸೂರು ಸೀಮೆಯಲ್ಲಿ ಆ ದಶಕದಲ್ಲಿ ಇಂಥ ಕೆಲಸ ಮಾಡಿದವರು ಬೇರೆಯವರೂ ಇದ್ದರು. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1950ರ ದಶಕದ ಮಧ್ಯದಲ್ಲಿ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ವಾಸವಿದ್ದು, ನಾಲೆ ನೀರು ಬಂದ ಊರು ಮತ್ತು ಬಾರದ ಊರು ಹೇಗೆ ಬೇರೆ ಬೇರೆ ದಾರಿ ಹಿಡಿದವು ಎಂಬುದನ್ನು ದಾಖಲಿಸಿದರು. ನೀರು ಬಂದ ಊರು ಬೇಸಾಯದಲ್ಲೇ ಉಳಿದು ಹಳೆಯ ಸಂಬಂಧಗಳನ್ನು ಉಳಿಸಿಕೊಂಡಿತು. ಬಾರದ ಊರಿನವರು ಪಟ್ಟಣದತ್ತ ಮುಖ ಮಾಡಿ ಹೆಚ್ಚು ಬದಲಾದರು. ಎಣಿಸಿ ನೋಡಿದವರಾರೂ ಮೊದಲೇ ಊಹಿಸದ ಫಲಿತಾಂಶ ಅದು.

ರಾಂಪುರದ ಜಗಲಿಯ ಫಲವಾಗಿ ಬಂದ ಪರಿಕಲ್ಪನೆಗಳಲ್ಲಿ ನಮ್ಮ ದೈನಂದಿನ ರಾಜಕಾರಣಕ್ಕೆ ಹತ್ತಿರವಾದವು ಎರಡು. ಮೊದಲನೆಯದು 'ಪ್ರಬಲ ಜಾತಿ'. ಶಾಸ್ತ್ರದ ಮೆಟ್ಟಿಲಿನಲ್ಲಿ ಮೇಲಿಲ್ಲದಿದ್ದರೂ ಸಂಖ್ಯೆ, ಭೂಮಿ, ರಾಜಕೀಯ ಹಿಡಿತಗಳಿಂದ ಊರನ್ನು ಆಳುವ ಜಾತಿ. 1959ರಲ್ಲಿ ಅಮೆರಿಕದ ಮಾನವಶಾಸ್ತ್ರ ಪತ್ರಿಕೆಯಲ್ಲಿ ಈ ಕುರಿತ ಲೇಖನ ಪ್ರಕಟವಾಯಿತು. ಎರಡನೆಯದು 1955ರಲ್ಲಿ ಪ್ರಕಟವಾದ ಮೈಸೂರು ಹಳ್ಳಿಯೊಂದರ ಸಮಾಜವ್ಯವಸ್ಥೆ ಕುರಿತ ಪ್ರಬಂಧದಲ್ಲಿ ಬಂದ 'ಓಟ್ ಬ್ಯಾಂಕ್'. ಊರಿನ ಯಜಮಾನನ ಕೈಯಲ್ಲಿ ಅವನ ಆಳುಗಳ, ಸಾಲಗಾರರ, ಆಶ್ರಿತರ ಓಟುಗಳು ಠೇವಣಿಯಂತೆ ಇರುತ್ತವೆ, ಅಭ್ಯರ್ಥಿ ಬಂದು ವ್ಯವಹಾರ ಕುದುರಿಸುವುದು ಯಜಮಾನನ ಜೊತೆ ಎಂಬುದು ಅವರ ಅರ್ಥ. ಇಂದು ಅದೇ ಮಾತು ಯಾವುದೋ ಒಂದು ಸಮುದಾಯದ ಮೇಲೆ ಹೊರಿಸುವ ಬೈಗುಳವಾಗಿದೆ. ಯಜಮಾನನನ್ನು ತೋರಿಸಲು ಹುಟ್ಟಿದ ಪದ ಬಡ ಮತದಾರನ ತಲೆಗೆ ಬಿದ್ದದ್ದು ಸ್ವಾರಸ್ಯದ ಸಂಗತಿ.

1959ರಲ್ಲಿ ಶ್ರೀನಿವಾಸ್ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಹೋಗಿ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದರು. ದೇಶದ ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರ ನಡುವೆ, ಹಳ್ಳಿಯಲ್ಲಿ ಒಂದು ವರ್ಷ ಕಳೆದು ಬಾ ಎಂದು ವಿದ್ಯಾರ್ಥಿಗಳಿಗೆ ಹೇಳುವ ವಿಭಾಗ ಅದು. 1963ರಲ್ಲಿ ಬರ್ಕ್ಲಿಯಲ್ಲಿ ನೀಡಿದ ಟ್ಯಾಗೋರ್ ಸ್ಮಾರಕ ಉಪನ್ಯಾಸಗಳು 1966ರಲ್ಲಿ 'ಸೋಷಿಯಲ್ ಚೇಂಜ್ ಇನ್ ಮಾಡರ್ನ್ ಇಂಡಿಯಾ' ಆಗಿ ಬಂದವು. ಇಷ್ಟೆಲ್ಲ ಆದರೂ ರಾಂಪುರದ ಪುಸ್ತಕ ಮಾತ್ರ ಬರಲಿಲ್ಲ. 1952ರ ಬೇಸಿಗೆಯಲ್ಲಿ ಮತ್ತೆ ಹಳ್ಳಿಗೆ ಹೋಗಿಬಂದದ್ದೂ ಆಯಿತು. ಟಿಪ್ಪಣಿಗಳನ್ನು ವಿಷಯವಾರು ವಿಂಗಡಿಸಿ, ಬೆರಳಚ್ಚು ಮಾಡಿಸಿ, ಅಡ್ಡಹೆಸರು ಹಾಕಿ ಜೋಡಿಸುವ ಕೆಲಸ ಹದಿನೆಂಟು ವರ್ಷ ಎಳೆಯಿತು.

ಬೆಂಕಿ

1970ರ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಉನ್ನತ ಅಧ್ಯಯನ ಕೇಂದ್ರದ ಆಹ್ವಾನ ಬಂತು. ಬೇರೇನೂ ಮಾಡದೆ ಬರೆಯಲು ಸಿಕ್ಕ ಬಿಡುವು. ಹದಿನೆಂಟು ವರ್ಷದ ಟಿಪ್ಪಣಿಗಳ ಮೂರೂ ಪ್ರತಿಗಳನ್ನು ಶ್ರೀನಿವಾಸ್ ಜೊತೆಗೇ ಒಯ್ದರು. ಮೂರೂ ಪ್ರತಿಗಳು ಒಂದೇ ಕೋಣೆಯಲ್ಲಿದ್ದವು.

ವಿಯೆಟ್ನಾಂ ಯುದ್ಧದ ವಿರುದ್ಧ ಅಮೆರಿಕದ ವಿಶ್ವವಿದ್ಯಾಲಯಗಳು ಕುದಿಯುತ್ತಿದ್ದ ಕಾಲ. ಏಪ್ರಿಲ್ 24ರ ಬೆಳಗಿನ ಜಾವ ಕೇಂದ್ರಕ್ಕೆ ಯಾರೋ ಬೆಂಕಿ ಇಟ್ಟರು. ಶ್ರೀನಿವಾಸ್ ಅವರ ಕೋಣೆ ಸುಟ್ಟುಹೋಯಿತು. ಯುದ್ಧಕ್ಕೂ ರಾಂಪುರದ ಅಗಸ ಕುಂಬಾರರಿಗೂ ಏನು ಸಂಬಂಧ? ಆದರೂ ಬೂದಿಯಾದದ್ದು ಅವರ ಕಥೆಯೇ. ಐವತ್ತಮೂರು ವರ್ಷದ ಪ್ರಾಧ್ಯಾಪಕರ ಎದುರಿಗೆ ಅರೆಸುಟ್ಟ ಕಾಗದಗಳ ರಾಶಿಯಷ್ಟೇ ಉಳಿಯಿತು. ಕ್ಷೇತ್ರದಲ್ಲಿ ಬರೆದ ಮೂಲ ನೋಟ್‌ಬುಕ್‌ಗಳು ದೆಹಲಿಯಲ್ಲಿದ್ದವು ಎಂಬುದೊಂದೇ ಸಮಾಧಾನ. ಆದರೆ ಹದಿನೆಂಟು ವರ್ಷ ವಿಂಗಡಿಸಿ ಕಟ್ಟಿದ್ದು ಮತ್ತೆ ಬರುವಂತಿರಲಿಲ್ಲ.

ಆಗ ಸಾಂತ್ವನದ ಜೊತೆಗೆ ಒಂದು ಸಲಹೆ ಕೊಟ್ಟವರು ಷಿಕಾಗೊದ ಹಿರಿಯ ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್. ಟಿಪ್ಪಣಿಗಳನ್ನು ಮರೆತು, ನೆನಪಿನಲ್ಲಿ ಉಳಿದದ್ದನ್ನೇ ಬರೆಯಬೇಕು ಎಂಬುದು ಅದರ ಸಾರ. ಶಾಸ್ತ್ರಜ್ಞನೊಬ್ಬನಿಗೆ ಇದು ಹಾಸ್ಯವೆನಿಸಬಹುದಿತ್ತು. ಶ್ರೀನಿವಾಸ್ ಅದನ್ನು ಗಂಭೀರವಾಗಿ ಕೈಗೆತ್ತಿಕೊಂಡರು. ಇಪ್ಪತ್ತೆರಡು ವರ್ಷದ ಹಿಂದಿನ ಜಗಲಿ, ಪಟೇಲರ ಮೌನ, ಕುಳ್ಳೇಗೌಡನ ಜಂಬ, ಭತ್ತದ ಗದ್ದೆಯ ಬೆಳಗು, ಸುಗ್ಗಿಯ ಹೊತ್ತಿಗೆ ಧಾನ್ಯವಾಗಿ ಸಲ್ಲುವ ಕೂಲಿಯ ಚೌಕಾಸಿ ಎಲ್ಲವೂ ಒಂದೊಂದಾಗಿ ಹಾಳೆಗೆ ಬಂದವು. 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಪ್ರಕಟವಾಯಿತು.

ಪುಸ್ತಕ ಏಕಕಾಲಕ್ಕೆ ಮೆಚ್ಚುಗೆಯನ್ನೂ ಚರ್ಚೆಯನ್ನೂ ಎಬ್ಬಿಸಿತು. 1978ರಲ್ಲಿ 'ಕಾಂಟ್ರಿಬ್ಯೂಷನ್ಸ್ ಟು ಇಂಡಿಯನ್ ಸೋಷಿಯಾಲಜಿ' ಪತ್ರಿಕೆ ಈ ಒಂದು ಪುಸ್ತಕದ ಮೇಲೆಯೇ ವಿಚಾರ ಸಂಕಿರಣದ ರೂಪದ ಸಂಚಿಕೆ ತಂದಿತು. ನೆನಪು ಪುರಾವೆಯಾಗಬಲ್ಲುದೇ ಎಂಬುದು ಟೀಕಾಕಾರರ ಮುಖ್ಯ ಆಕ್ಷೇಪ. ನೆನಪು ತನಗೆ ಪ್ರಿಯವಾದುದನ್ನು ಉಳಿಸಿಕೊಂಡು ಇರಿಸುಮುರಿಸಾದುದನ್ನು ಬಿಡುತ್ತದೆ, ಹಾಗಾಗಿ ರಾಂಪುರ ಇರಬೇಕಾದುದಕ್ಕಿಂತ ಹೆಚ್ಚು ಹಿತವಾಗಿ ಕಾಣುತ್ತದೆ ಎಂಬ ವಾದದಲ್ಲಿ ಹುರುಳಿದೆ. ಇನ್ನೊಂದು ಮಗ್ಗುಲೂ ಇದೆ. ಟಿಪ್ಪಣಿಗಳು ಉಳಿದಿದ್ದರೆ ನಮಗೆ ದೊರೆಯುತ್ತಿದ್ದುದು ಜಾತಿ, ಬಂಧುತ್ವ, ಭೂ ಹಿಡುವಳಿ ಎಂಬ ಶೀರ್ಷಿಕೆಗಳಡಿ ಮನುಷ್ಯರನ್ನು ಹಂಚಿಹಾಕಿದ ಮತ್ತೊಂದು ವಿದ್ವತ್ ಗ್ರಂಥ. ಅದೂ ಉಪಯುಕ್ತವೇ. ಆದರೆ ಮೈಸೂರಿನವರೇ ಆದ ಗೆಳೆಯ ಆರ್.ಕೆ. ನಾರಾಯಣ್ ಅವರ ಕಾದಂಬರಿಯಂತೆ ಅದನ್ನು ಬಸ್ಸಿನಲ್ಲಿ ಕೂತು ಓದಲಾಗುತ್ತಿರಲಿಲ್ಲ. ಈ ವರದಿಗಾರನ ಮಟ್ಟಿಗೆ ಪುಸ್ತಕದ ಬೆಲೆ ಇರುವುದು ಬರೆಯುತ್ತಿರುವವನು ಎಲ್ಲಿ ಕೂತು ನೋಡಿದ, ಯಾರ ಕಣ್ಣು ತಪ್ಪಿಸಿದ, ಯಾವ ಬಾಗಿಲಿಗೆ ಹೋಗಲಿಲ್ಲ ಎಂಬುದು ಓದುಗನಿಗೆ ತಿಳಿಯುತ್ತ ಹೋಗುವುದರಲ್ಲಿ. ಅಂಕಿ ಅಂಶದ ಕೋಷ್ಟಕ ಇದನ್ನು ಎಂದೂ ಹೇಳುವುದಿಲ್ಲ, ಯಾರು ಬಾಗಿಲು ತೆರೆಯಲಿಲ್ಲ ಎಂಬುದು ಅಲ್ಲಿ ಒಂದು ಖಾಲಿ ಚೌಕ ಮಾತ್ರ.

ನಾಗರಭಾವಿಯ ದಿನಗಳು

1972ರಲ್ಲಿ ಡಾ. ವಿ.ಕೆ.ಆರ್.ವಿ. ರಾವ್ ಬೆಂಗಳೂರಿನಲ್ಲಿ ಐಸೆಕ್ ಸ್ಥಾಪಿಸಿದಾಗ ಶ್ರೀನಿವಾಸ್ ದೆಹಲಿ ಬಿಟ್ಟು ಜಂಟಿ ನಿರ್ದೇಶಕರಾಗಿ ಬಂದರು. ರಾಂಪುರದ ಪುಸ್ತಕ ಮುಗಿದು ಹೊರಬಂದದ್ದು ಈ ಬೆಂಗಳೂರಿನ ವರ್ಷಗಳಲ್ಲೇ. ಅರ್ಥಶಾಸ್ತ್ರಜ್ಞ ರಾವ್ ಮತ್ತು ಸಮಾಜಶಾಸ್ತ್ರಜ್ಞ ಶ್ರೀನಿವಾಸ್ ಒಂದೇ ಸೂರಿನಡಿ ಇದ್ದದ್ದು ಆ ಸಂಸ್ಥೆಯ ಸ್ವಭಾವವನ್ನೇ ಹೇಳುತ್ತದೆ. ಬದಲಾವಣೆಯನ್ನು ಅಳೆಯುವವರೂ ಬೇಕು, ಅದರ ನಡುವೆ ಬದುಕಿ ನೋಡುವವರೂ ಬೇಕು. 1977ರಲ್ಲಿ ಕೇಂದ್ರ ಸರ್ಕಾರ ಅವರಿಗೆ ಪದ್ಮಭೂಷಣ ನೀಡಿತು.

ಸಂಸ್ಥೆಯ ಸುತ್ತಮುತ್ತಲೇ ಆಗ ಹಳ್ಳಿಗಳು ಬಡಾವಣೆಗಳಾಗುತ್ತಿದ್ದವು. ಹೊಲ ನಿವೇಶನವಾಗುವುದು, ಜಮೀನುದಾರ ಮನೆ ಬಾಡಿಗೆಯಿಂದ ಬದುಕುವುದು, ಹೊರಗಿನಿಂದ ಬಂದ ಕಾರ್ಮಿಕನಿಗೆ ಸ್ಥಳೀಯರ ಜಾತಿ ಮುಖ್ಯವೋ ಬಾಡಿಗೆಯ ಮುಂಗಡ ಮುಖ್ಯವೋ ಎಂಬುದು ಇವೆಲ್ಲ ಹೆಗ್ಗನಹಳ್ಳಿ, ಸುಂಕದಕಟ್ಟೆ, ಲಗ್ಗೆರೆಯಂಥ ಊರುಗಳ ಇತಿಹಾಸ. ರಾಂಪುರದಲ್ಲಿಯೇ ಇದರ ಮುನ್ಸೂಚನೆ ಅವರಿಗೆ ಸಿಕ್ಕಿತ್ತು. 1948ರಲ್ಲಿಯೇ ಆ ಹಳ್ಳಿಯ ಪಟೇಲರಿಗೆ ಬೇಕಾಗಿದ್ದುದು ವಿದ್ಯುತ್ತು ಮತ್ತು ನೆಲ ಸಮಮಾಡುವ ಬುಲ್ಡೋಜರ್. ಹಳ್ಳಿ ಬದಲಾಗದೆ ನಿಂತಿದೆ ಎಂದು ಕನಸು ಕಾಣುತ್ತಿದ್ದವರು ಪಟ್ಟಣದವರೇ ಹೊರತು ಹಳ್ಳಿಯವರಲ್ಲ.

ಇಂಥ ಊರಿನಲ್ಲಿ ರಾಂಪುರದ ವಿಧಾನ ಹಾಗೆಯೇ ನಡೆಯುವುದಿಲ್ಲ ಎಂಬುದನ್ನೂ ಒಪ್ಪಬೇಕು. ಹೆಗ್ಗನಹಳ್ಳಿಯಲ್ಲಿ ಎಲ್ಲರೂ ಹಾಯುವ ಒಂದೇ ಜಗಲಿ ಇಲ್ಲ. ಬಾಡಿಗೆ ಮನೆಯ ಮೆಟ್ಟಿಲು, ಸಾರ್ವಜನಿಕ ನಲ್ಲಿಯ ಸಾಲು, ಪಾಳಿ ಮುಗಿಸಿ ಬರುವವರ ಚಹಾದಂಗಡಿ ಹೀಗೆ ಹತ್ತು ಕಡೆ ಕೂರಬೇಕು. ರಾತ್ರಿ ಪಾಳಿಯವರನ್ನು ಹಗಲು ಹುಡುಕಿದರೆ ಬಾಗಿಲು ಮುಚ್ಚಿರುತ್ತದೆ. ಗಾರ್ಮೆಂಟ್ಸ್ ಹೆಣ್ಣುಮಗಳನ್ನು ಭಾನುವಾರ ಬಿಟ್ಟು ಬೇರೆ ದಿನ ಮಾತಿಗೆ ಹಿಡಿಯಲಾಗದು. ಮೂರು ತಿಂಗಳ ಯೋಜನಾ ವರದಿಗೆ ಹಣ ಕೊಡುವ ಇಲಾಖೆಗಳು ಇಷ್ಟು ಸಮಯ ಕೊಡುವುದಿಲ್ಲ. ಪರಿಣಾಮವಾಗಿ ಒಂದೆರಡು ಮಧ್ಯಾಹ್ನ ಹತ್ತು ಮಂದಿಯನ್ನು ಒಂದು ಸಭಾಂಗಣದಲ್ಲಿ ಕೂರಿಸಿ ಕೇಳಿದ ಮಾತಿಗೆ ಗುಣಾತ್ಮಕ ಅಧ್ಯಯನ ಎಂಬ ಹೆಸರು ಬರುತ್ತಿದೆ. ಅಂಥ ಸಭೆಯಲ್ಲಿ ಮಾತಾಡುವವರು ಯಾರು? ಊರಿನ ಯಜಮಾನ. ಪಟೇಲರ ಜಗಲಿಯ ತೊಡಕನ್ನು ಶ್ರೀನಿವಾಸ್ ಹತ್ತು ತಿಂಗಳ ನಂತರ ಕಂಡುಕೊಂಡರು. ಒಂದು ಮಧ್ಯಾಹ್ನದಲ್ಲಿ ಅದು ಕಾಣುವುದೂ ಇಲ್ಲ.

ಕೊನೆಯ ವರ್ಷಗಳಲ್ಲಿ ಶ್ರೀನಿವಾಸ್ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಜೆ.ಆರ್.ಡಿ. ಟಾಟಾ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. 1996ರಲ್ಲಿ ಇಪ್ಪತ್ತನೆಯ ಶತಮಾನದ ಜಾತಿಯ ಹೊಸ ಅವತಾರಗಳ ಕುರಿತ ಸಂಕಲನವನ್ನು ಸಂಪಾದಿಸಿದರು. ಎಂಬತ್ತಮೂರನೆಯ ವಯಸ್ಸಿನಲ್ಲಿ, 1999ರ ನವೆಂಬರ್ 30ರಂದು ಬೆಂಗಳೂರಿನಲ್ಲಿ ನಿಧನರಾದರು. ಆ ವರ್ಷ ಅವರು ನೀಡಿದ ಉಪನ್ಯಾಸವೊಂದು 2003ರಲ್ಲಿ ಮರಣೋತ್ತರವಾಗಿ ಪ್ರಕಟವಾಯಿತು. ಹಳ್ಳಿಯ ಉತ್ಪಾದನೆಯೊಂದಿಗೆ ಹೆಣೆದುಕೊಂಡಿದ್ದ, ಕುಂಬಾರ ಮಡಕೆ ಕೊಟ್ಟು ಧಾನ್ಯ ಪಡೆಯುವ ವ್ಯವಸ್ಥೆಯಾಗಿ ಜಾತಿ ಸಾಯುತ್ತಿದೆ, ಆದರೆ ಬಿಡಿಬಿಡಿ ಜಾತಿಗಳು ಸಂಘ, ಹಾಸ್ಟೆಲು, ಬ್ಯಾಂಕು, ಚುನಾವಣೆಗಳ ಮೂಲಕ ಮೊದಲಿಗಿಂತ ಗಟ್ಟಿಯಾಗುತ್ತಿವೆ ಎಂಬುದು ಅಲ್ಲಿನ ವಾದದ ದಿಕ್ಕು. ಅದಕ್ಕೆ ಅವರು ಇಟ್ಟ ಹೆಸರು ವ್ಯವಸ್ಥೆಯಾಗಿ ಜಾತಿಯ ಒಂದು ಶ್ರದ್ಧಾಂಜಲಿ ಎಂಬ ಅರ್ಥದ್ದು.